ಊರೂರಿಗೆ ಬರುವ ಬ್ರಾಡ್‌ವೇ: ಸಂಘದ ನಟರು, ಸಂಘವಿಲ್ಲದ ನಟರು

ತಾಳವಾಡಿ ಕಡೆಯ ಹಿರಿಯ ಕೇಳುಗರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಅವರ ಮಗಳ ಸಂಸಾರ ಅಮೆರಿಕದ ಓಹಾಯೋ ರಾಜ್ಯದ ಒಂದು ನಡುಮಟ್ಟದ ಊರಿನಲ್ಲಿದೆ. ಮೊಮ್ಮಗನನ್ನು ನೋಡಲೆಂದು ಹೋದ ಇವರನ್ನು ಮಗಳು, ಅಳಿಯ ಒಂದು ಸಂಜೆ ನಾಟಕಕ್ಕೆ ಕರೆದುಕೊಂಡು ಹೋದರಂತೆ. ಬ್ರಾಡ್‌ವೇ ನಾಟಕ ನಮ್ಮ ಊರಿಗೇ ಬಂದಿದೆ ಎಂದು ಊರೆಲ್ಲ ಫಲಕ ಹಾಕಿದ್ದರಂತೆ. ಒಂದೊಂದು ಟಿಕೇಟಿಗೆ ನೂರು ಡಾಲರಿನ ಹತ್ತಿರ. ಇಂಗ್ಲಿಷು ಅರ್ಧಂಬರ್ಧ ತಿಳಿದರೂ ಹಾಡು, ಕುಣಿತ, ಬಣ್ಣಬಣ್ಣದ ಬೆಳಕು ಎಲ್ಲ ಇವರಿಗೆ ಹಿಡಿಸಿತು. ಹೊರಗೆ ಬರುವಾಗ ಅಳಿಯ, 'ಪರವಾಗಿಲ್ಲ ಮಾವ, ನಾನ್-ಯೂನಿಯನ್ ಟೂರು ಅಂದಮೇಲೆ ಇಷ್ಟೇ ಇರೋದು' ಅಂದನಂತೆ. ಪತ್ರದ ಕೊನೆಯಲ್ಲಿ ಅವರು ಕೇಳುತ್ತಾರೆ: 'ಮಿಲ್ಲಿಗೆ ಯೂನಿಯನ್ ಇರುವುದು ಗೊತ್ತು, ಬಸ್ಸಿಗೆ ಯೂನಿಯನ್ ಇರುವುದು ಗೊತ್ತು. ನಾಟಕಕ್ಕೂ ಯೂನಿಯನ್ನೇ? ಅದು ಇಲ್ಲದಿದ್ದರೆ ನಾಟಕ ಕೆಟ್ಟುಹೋಗುತ್ತದೆಯೇ? ನನಗೆ ಚೆನ್ನಾಗಿ ಕಂಡದ್ದು ನಿಜವಾಗಿ ಚೆನ್ನಾಗಿರಲಿಲ್ಲವೇ?'

ಆ ಕೊನೆಯ ಮಾತು ನಮಗೆ ಬಹಳ ಹತ್ತಿರದ್ದು. ಗಡಿಯಲ್ಲಿ ಇರುವವರಿಗೆ ಇಂಥ ಅನುಮಾನ ಹುಟ್ಟಿನಿಂದಲೇ ಬಂದದ್ದು. ರಾಜಧಾನಿಯಲ್ಲಿ ಒಳ್ಳೆಯದು, ನಮ್ಮವರೆಗೆ ಬರುವಷ್ಟರಲ್ಲಿ ಎರಡನೆಯ ತರದ್ದು. ಪಠ್ಯಪುಸ್ತಕವಾಗಲಿ, ಬಸ್ಸಾಗಲಿ, ಸಿನಿಮಾ ಪ್ರಿಂಟಾಗಲಿ ಹಾಗೆಯೇ ಎಂಬ ಅನಿಸಿಕೆ ನಮ್ಮಲ್ಲಿದೆ. ಅಮೆರಿಕದ ಸಣ್ಣ ಊರುಗಳ ಪ್ರೇಕ್ಷಕರಿಗೂ ಸರಿಯಾಗಿ ಇದೇ ಅನುಮಾನ ಇದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಅದರಲ್ಲಿ ಎಷ್ಟು ನಿಜ, ಎಷ್ಟು ಬರೀ ಅನಿಸಿಕೆ ಎಂಬುದನ್ನು ಇವತ್ತು ಬಿಡಿಸಿ ನೋಡೋಣ.

ಅಲ್ಲಿ ಮ್ಯೂಸಿಕಲ್ ಎಂದು ಕರೆಯುವುದು ಹಾಡು, ಕುಣಿತ, ಮಾತು ಮೂರೂ ಕೂಡಿ ಕಥೆ ನಡೆಸುವ ನಾಟಕ. ಸೊಲ್ಲಾಪುರ, ಅಕ್ಕಲಕೋಟೆಯ ಕೇಳುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. 1880ರಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ಪುಣೆಯಲ್ಲಿ ಸಂಗೀತ ಶಾಕುಂತಲ ಆಡಿಸಿದಂದಿನಿಂದ ಸಂಗೀತ ನಾಟಕ ಎಂಬ ಮಾತು ಮರಾಠಿ ಮನೆಗಳಲ್ಲಿ ಬಳಕೆಯಲ್ಲಿದೆ. ನಮ್ಮ ಕಂಪನಿ ನಾಟಕಗಳೂ ಲೆಗ್ ಹಾರ್ಮೋನಿಯಂ ಇಲ್ಲದೆ ಒಂದು ಹೆಜ್ಜೆ ಇಟ್ಟವಲ್ಲ. ಬ್ರಾಡ್‌ವೇ ಎಂಬುದು ನ್ಯೂಯಾರ್ಕ್ ನಗರದ ಒಂದು ರಸ್ತೆಯ ಹೆಸರು. ಆ ರಸ್ತೆಯ ಅಕ್ಕಪಕ್ಕದಲ್ಲಿರುವ, ಐನೂರು ಅಥವಾ ಅದಕ್ಕೂ ಹೆಚ್ಚು ಆಸನಗಳ ನಾಲ್ವತ್ತೊಂದು ರಂಗಮಂದಿರಗಳಿಗೆಲ್ಲ ಸೇರಿ ಈಗ ಅದೇ ಹೆಸರು. ಅಲ್ಲಿ ಗೆದ್ದ ನಾಟಕ ಆಮೇಲೆ ದೇಶ ಸುತ್ತಲು ಹೊರಡುತ್ತದೆ. ನಾಟಕದವರು ಆ ಸುತ್ತಾಟವನ್ನು ಬರೀ 'ರೋಡ್' ಎನ್ನುತ್ತಾರೆ. ನಮ್ಮ ಕಂಪನಿಯವರು 'ಕ್ಯಾಂಪು' ಎನ್ನುವ ಹಾಗೆ.

ಒಂದು ಕಾಲದಲ್ಲಿ ಈ ರೋಡು ಬಹಳ ದೊಡ್ಡದು. 1900ರ ಸುಮಾರಿಗೆ ಮುನ್ನೂರಕ್ಕೂ ಹೆಚ್ಚು ಮಂಡಳಿಗಳು ರೈಲು ಹತ್ತಿ ಅಮೆರಿಕವನ್ನು ಸುತ್ತುತ್ತಿದ್ದವು. ಆ ನಟರ ಬದುಕು ಮಾತ್ರ ದೇವರಿಗೇ ಪ್ರೀತಿ. ತಾಲೀಮಿಗೆ ಸಂಬಳವಿಲ್ಲ, ತಾಲೀಮು ಎಷ್ಟು ವಾರ ಎಂಬ ಲೆಕ್ಕವೂ ಇಲ್ಲ. ವೇಷಭೂಷಣವನ್ನು ಎಷ್ಟೋ ಸಲ ನಟರೇ ಕೊಳ್ಳಬೇಕು. ಗಲ್ಲಾಪೆಟ್ಟಿಗೆ ಖಾಲಿಯಾದರೆ ಮಾಲೀಕ ರಾತ್ರೋರಾತ್ರಿ ಕಂಬಿ ಕೀಳುತ್ತಿದ್ದ. ನಟನಟಿಯರು ಗುರುತಿಲ್ಲದ ಊರಿನಲ್ಲಿ, ವಾಪಸು ರೈಲಿನ ದುಡ್ಡಿಲ್ಲದೆ, ಟ್ರಂಕಿನ ಮೇಲೆ ಕೂರುತ್ತಿದ್ದರು. ಕಂಪನಿ ಮುಳುಗಿ ಪರದೆ ಹರಾಜಾದ ಕಥೆಗಳನ್ನು ನಮ್ಮ ಹಳೆಯ ರಂಗನಟರ ಬಾಯಲ್ಲಿ ಕೇಳಿದವರಿಗೆ ಇದು ಹೊಸತಲ್ಲ.

ಇದನ್ನು ತಡೆಯಲೆಂದೇ 1913ರಲ್ಲಿ ನ್ಯೂಯಾರ್ಕಿನಲ್ಲಿ ನೂರಾ ಹನ್ನೆರಡು ನಟರು ಸೇರಿ ಆಕ್ಟರ್ಸ್ ಈಕ್ವಿಟಿ ಅಸೋಸಿಯೇಷನ್ ಕಟ್ಟಿದರು. ಜನ ಚಿಕ್ಕದಾಗಿ ಈಕ್ವಿಟಿ ಎನ್ನುತ್ತಾರೆ. ತಮಿಳಿನ ಸಂಗಂ, ತೆಲುಗಿನ ಸಂಘಂ, ಮರಾಠಿಯ ಸಂಘಟನಾ ಎಲ್ಲ ಇದೇ ಅರ್ಥದ ಮಾತು. ಮಾಲೀಕರು ಮೊದಲು ಇವರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 1919ರ ಆಗಸ್ಟ್ 7ರಂದು ನಟರು ಮುಷ್ಕರ ಹೂಡಿದರು. ಪರದೆ ಏಳುವ ಹೊತ್ತಿಗೆ ವೇಷ ಕಟ್ಟಬೇಕಾದವರು ಬೀದಿಯಲ್ಲಿ ಮೆರವಣಿಗೆ ಹೊರಟಿದ್ದರು. ಒಂದು ತಿಂಗಳು ನಡೆದ ಆ ಮುಷ್ಕರ ಎಂಟು ನಗರಗಳಿಗೆ ಹಬ್ಬಿತು, ಮೂವತ್ತೇಳು ನಾಟಕಗಳು ಬಾಗಿಲು ಹಾಕಿದವು. ಸೆಪ್ಟೆಂಬರ್ 6ಕ್ಕೆ ಮಾಲೀಕರು ಒಪ್ಪಂದಕ್ಕೆ ಬಂದರು. ವಾರಕ್ಕೆ ಎಂಟು ಆಟ, ಹೆಚ್ಚು ಆಡಿಸಿದರೆ ಹೆಚ್ಚು ಸಂಬಳ ಎಂಬ ಲೆಕ್ಕ ಆಗ ಗಟ್ಟಿಯಾಯಿತು. ಇವತ್ತಿಗೂ ಬ್ರಾಡ್‌ವೇಯ ವಾರ ಎಂದರೆ ಎಂಟು ಆಟವೇ.

ಅಲ್ಲಿಂದ ಮುಂದೆ ಈಕ್ವಿಟಿಯ ಕರಾರಿನ ಪುಸ್ತಕ ದಪ್ಪವಾಗುತ್ತಾ ಹೋಯಿತು. ಕನಿಷ್ಠ ಸಂಬಳ, ಊಟ-ವಸತಿಯ ದಿನಭತ್ಯೆ, ಆರೋಗ್ಯ ವಿಮೆ, ನಿವೃತ್ತಿ ನಿಧಿ, ಪ್ರಯಾಣದ ದಿನ ಎಷ್ಟು ಗಂಟೆ ಬಸ್ಸಿನಲ್ಲಿ ಕೂರಿಸಬಹುದು, ಒಂದು ಆಟ ಮುಗಿದು ಮುಂದಿನ ಕರೆಗೆ ಎಷ್ಟು ಹೊತ್ತಿನ ಬಿಡುವು ಇರಬೇಕು ಎಲ್ಲವೂ ಅದರಲ್ಲಿದೆ. ನನಗೆ ಬಹಳ ಹಿಡಿಸಿದ ಒಂದು ನಿಯಮ ಇದು: ನಟರನ್ನು ಬರೀ ಕಾಂಕ್ರೀಟು ನೆಲದ ಮೇಲೆ ಕುಣಿಸುವಂತಿಲ್ಲ. ನೆಲಕ್ಕೂ ಹಲಗೆಗೂ ನಡುವೆ ಗಾಳಿಯಾಡುವ ಜಾಗ ಬಿಟ್ಟು ಮರದ ಹಾಸು ಹಾಕಬೇಕು. ಯಕ್ಷಗಾನದಲ್ಲಿ ಇಡೀ ರಾತ್ರಿ ಧಿಗಿಣ ಹಾಕಿ ನಡುವಯಸ್ಸಿಗೇ ಮೊಣಕಾಲು ಕಳೆದುಕೊಂಡ ವೇಷಧಾರಿಗಳನ್ನು ಕಾಸರಗೋಡಿನ ಕೇಳುಗರು ಕಂಡಿರುತ್ತಾರೆ. ಅವರಿಗೆ ಈ ನಿಯಮದ ಬೆಲೆ ಹೇಳಿಕೊಡಬೇಕಾಗಿಲ್ಲ.

ಇನ್ನು ನಾನ್-ಯೂನಿಯನ್ ಟೂರಿನ ವಿಷಯ. ಸಂಘದ ಕರಾರಿಗೆ ಸಹಿ ಹಾಕದ ನಿರ್ಮಾಪಕನೊಬ್ಬ ಒಂದು ನಾಟಕದ ಪ್ರವಾಸದ ಹಕ್ಕನ್ನು ಪಡೆದು, ಸಂಘದ ಸದಸ್ಯರಲ್ಲದ ನಟರನ್ನು ಕಟ್ಟಿಕೊಂಡು ಹೊರಟರೆ ಅದು ನಾನ್-ಯೂನಿಯನ್ ಟೂರು. ಇದು ಕಾನೂನುಬಾಹಿರವಲ್ಲ, ಕದ್ದು ಆಡುವ ಆಟವೂ ಅಲ್ಲ. ನಾಟಕದ ಹಕ್ಕುದಾರರಿಗೆ ಗೌರವಧನ ಸಲ್ಲುತ್ತದೆ. ಆದರೆ ಈಕ್ವಿಟಿಯ ಕಾರ್ಡು ಇರುವ ನಟ ಅದರಲ್ಲಿ ಬಣ್ಣ ಹಚ್ಚುವಂತಿಲ್ಲ. ಹಚ್ಚಿದರೆ ಸಂಘದ ಶಿಸ್ತುಕ್ರಮ ಎದುರಿಸಬೇಕು. ಇನ್ನೊಂದು ವಿಚಿತ್ರವೂ ಇದೆ. ನಾನ್-ಯೂನಿಯನ್ ಎಂದರೆ ಸಾಮಾನ್ಯವಾಗಿ ನಟರು ಮತ್ತು ರಂಗನಿರ್ವಾಹಕರ ಮಟ್ಟಿಗಷ್ಟೇ ಆ ಮಾತು. ರಂಗದ ಹಿಂದೆ ಪರದೆ ಎತ್ತುವವರಿಗೆ, ದೀಪ ಕಟ್ಟುವವರಿಗೆ 1893ರಿಂದ ಬೇರೆಯೇ ಸಂಘವಿದೆ. ದೊಡ್ಡ ಊರಿನ ಎಷ್ಟೋ ಸಭಾಂಗಣಗಳಲ್ಲಿ ಆ ಸಂಘದ ಸ್ಥಳೀಯ ಕೆಲಸಗಾರರೇ ಸಾಮಾನು ಇಳಿಸಬೇಕು. ಹೀಗಾಗಿ ಪೆಟ್ಟಿಗೆ ಇಳಿಸುವವನಿಗೆ ಸಂಘದ ಕೂಲಿ, ಆ ಪೆಟ್ಟಿಗೆಯೊಳಗಿನ ಕಿರೀಟ ತೊಡುವವನಿಗೆ ಸಂಘದ ಕೂಲಿ ಇಲ್ಲ ಎಂಬ ಪ್ರಸಂಗವೂ ನಡೆಯುತ್ತದೆ.

ಊರಿನ ಸಭಾಂಗಣದವರು ಇಂಥ ಟೂರನ್ನು ಯಾಕೆ ಕರೆಸುತ್ತಾರೆ ಎಂದರೆ, ನಮ್ಮಲ್ಲಿ ಕಂಟ್ರಾಕ್ಟು ನಾಟಕ ಆಡಿಸಿದವರಿಗೆ ಕೂಡಲೇ ತಿಳಿಯುವ ಲೆಕ್ಕ ಅದು. ಸಭಾಂಗಣದವನು ನಿರ್ಮಾಪಕನಿಗೆ ವಾರಕ್ಕೆ ಇಂತಿಷ್ಟು ಎಂದು ಖಾತರಿ ಹಣ ಕೊಡಬೇಕು; ಟಿಕೇಟು ಹೋದರೂ ಹೋಗದಿದ್ದರೂ ಕೊಡಬೇಕು. ಅದರ ಮೇಲೆ ಬಂದ ಲಾಭದಲ್ಲಿ ಪಾಲು ಹಂಚಿಕೆ. ಸಂಘದ ನಟರಿದ್ದರೆ ಸಂಬಳ, ಭತ್ಯೆ, ವಿಮೆ ಸೇರಿ ಖಾತರಿ ಹಣ ಏರುತ್ತದೆ. ಈಗಿನ ಲೆಕ್ಕದಲ್ಲಿ ಬ್ರಾಡ್‌ವೇಯ ಕನಿಷ್ಠ ಸಂಬಳ ವಾರಕ್ಕೆ ಎರಡು ಸಾವಿರ ಡಾಲರಿಗೂ ಮೀರಿದ್ದು. ಸಂಘವಿಲ್ಲದ ಟೂರಿನ ಸಂಬಳ ಅದಕ್ಕಿಂತ ಬಹಳ ಕೆಳಗೆ. ಲಕ್ಷ ಜನರ ಊರೊಂದರಲ್ಲಿ ಎರಡೇ ರಾತ್ರಿ ಆಡಿಸಿ ದುಡ್ಡು ಹುಟ್ಟಿಸಬೇಕಾದವನು ಅಗ್ಗದ ಟೂರನ್ನು ಆರಿಸಿಕೊಳ್ಳುತ್ತಾನೆ. ಆರಿಸದಿದ್ದರೆ ಆ ಊರಿಗೆ ನಾಟಕವೇ ಬಾರದೆ ಹೋಗಬಹುದು. ಇದು ನಿರ್ಮಾಪಕರ ವಾದ. ಇದರಲ್ಲಿ ಸತ್ಯವಿದೆ, ತಳ್ಳಿಹಾಕುವಂತಿಲ್ಲ.

ಆದರೆ ಒಂದು ಕಡೆ ಈ ಲೆಕ್ಕ ತಾಳೆಯಾಗುವುದಿಲ್ಲ. ಉಳಿದ ಹಣದಲ್ಲಿ ಟಿಕೇಟಿನ ಬೆಲೆ ಇಳಿಯಬೇಕಿತ್ತಲ್ಲವೇ? ಬಹಳ ಸಲ ಇಳಿಯುವುದಿಲ್ಲ. ವರ್ಷಕ್ಕೆ ಐದಾರು ನಾಟಕಗಳನ್ನು ಒಂದೇ ಕಟ್ಟಿನಲ್ಲಿ ಮುಂಗಡವಾಗಿ ಮಾರುವ ಪದ್ಧತಿ ಅಲ್ಲಿದೆ. ಆ ಕಟ್ಟಿನಲ್ಲಿ ಸಂಘದ ಟೂರೂ ಇರುತ್ತದೆ, ಸಂಘವಿಲ್ಲದ್ದೂ ಇರುತ್ತದೆ. ಎರಡರ ಫಲಕದ ಮೇಲೂ ಬ್ರಾಡ್‌ವೇ ಎಂಬ ಒಂದೇ ಮಾತು. ಯಾವುದು ಯಾವುದೆಂದು ಕೊಳ್ಳುವವನಿಗೆ ಯಾರೂ ಹೇಳುವುದಿಲ್ಲ.

ಸರಿ, ನಮ್ಮ ಕೇಳುಗರು ಕೇಳಿದ್ದು ಗುಣಮಟ್ಟದ ಪ್ರಶ್ನೆ. ಸಂಘದ ಕಾರ್ಡು ಇಲ್ಲ ಎಂದ ಮಾತ್ರಕ್ಕೆ ನಟನ ಕಂಠ ಕೆಡುವುದಿಲ್ಲ. ಸಂಘವಿಲ್ಲದ ಟೂರಿನಲ್ಲಿ ಇರುವವರು ಹೆಚ್ಚಾಗಿ ಇಪ್ಪತ್ತೆರಡು, ಇಪ್ಪತ್ತೈದು ವಯಸ್ಸಿನ ಹುಡುಗ ಹುಡುಗಿಯರು. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಸಂಗೀತ ನಾಟಕಕ್ಕೆಂದೇ ನಾಲ್ಕು ವರ್ಷದ ಪದವಿ ಇದೆ. ಅದನ್ನು ಮುಗಿಸಿ ನೇರ ಬಸ್ಸು ಹತ್ತಿದವರು. ಹಾಡುತ್ತಾರೆ, ಕುಣಿಯುತ್ತಾರೆ, ಹಸಿದಿದ್ದಾರೆ. ಗುಂಪಿನ ಕುಣಿತದಲ್ಲಿ ಇವರು ಸಂಘದ ಟೂರಿನವರಿಗೆ ಸಾಟಿಯಾಗಿ ನಿಂತದ್ದನ್ನು ಕಂಡವರಿದ್ದಾರೆ. ಕೊರತೆ ಕಾಣುವುದು ವಯಸ್ಸಾದ ಪಾತ್ರಗಳಲ್ಲಿ. ಅರವತ್ತರ ತಾತನ ಪಾತ್ರಕ್ಕೆ ಇಪ್ಪತ್ತೈದರ ಹುಡುಗ ಬಿಳಿ ಕೂದಲು ಅಂಟಿಸಿಕೊಂಡು ಬಂದರೆ ಮುಂದಿನ ಸಾಲಿನ ಮಗುವಿಗೂ ಗೊತ್ತಾಗುತ್ತದೆ. ಹಾಸ್ಯದ ಪಾತ್ರವೂ ಹಾಗೆಯೇ. ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂಬುದು ಸಾವಿರ ಆಟ ಆಡಿದ ಮೇಲೆ ಬರುವ ವಿದ್ಯೆ. ಅಂಥ ವಿದ್ಯೆ ಇರುವವರ ಹತ್ತಿರ ಸಂಘದ ಕಾರ್ಡು ಇರುತ್ತದೆ. ಹಾಗಾಗಿ ಅವರು ಈ ಬಸ್ಸಿನಲ್ಲಿ ಇರುವುದಿಲ್ಲ.

ಅದಕ್ಕಿಂತ ದೊಡ್ಡ ವ್ಯತ್ಯಾಸ ವಾದ್ಯದ ಕಡೆ. ಬ್ರಾಡ್‌ವೇಯಲ್ಲಿ ರಂಗದ ಮುಂದಿನ ಹಳ್ಳದಲ್ಲಿ ಕೂರುವ ವಾದ್ಯಗಾರರಿಗೂ ಕನಿಷ್ಠ ಸಂಖ್ಯೆ ಎಂಬ ನಿಯಮ ಇದೆ. 2003ರ ಮಾರ್ಚಿನಲ್ಲಿ ಅದರ ಮೇಲೆಯೇ ದೊಡ್ಡ ಜಗಳವಾಯಿತು. ನಿರ್ಮಾಪಕರು ಸಂಖ್ಯೆ ತಗ್ಗಿಸಬೇಕೆಂದರು. ಬೇಕಾದರೆ ಕಂಪ್ಯೂಟರಿನಿಂದ ವಾದ್ಯ ನುಡಿಸಿ ಆಟ ನಡೆಸುತ್ತೇವೆ ಎಂದು ಹೆದರಿಸಿದರು. ವಾದ್ಯಗಾರರು ಮುಷ್ಕರ ಹೂಡಿದರು; ನಟರೂ ರಂಗದ ಕೆಲಸಗಾರರೂ ಅವರ ಸಾಲನ್ನು ದಾಟಲಿಲ್ಲ. ನಾಲ್ಕು ದಿನದಲ್ಲಿ ರಾಜಿಯಾಯಿತು. ಅತಿ ದೊಡ್ಡ ಮಂದಿರಗಳಲ್ಲಿ ಇಪ್ಪತ್ತನಾಲ್ಕು, ಇಪ್ಪತ್ತಾರು ಇದ್ದ ಕನಿಷ್ಠ ಸಂಖ್ಯೆ ಹದಿನೆಂಟು, ಹತ್ತೊಂಬತ್ತಕ್ಕೆ ಇಳಿಯಿತು. ಸಂಘ ಬಲವಾಗಿರುವ ಕಡೆಯೇ ಹೀಗಾದರೆ ಬಸ್ಸಿನಲ್ಲಿ ಸುತ್ತುವ ತಂಡದ ಕಥೆ ಊಹಿಸಿಕೊಳ್ಳಿ. ಹತ್ತು ಪಿಟೀಲು ನುಡಿಯಬೇಕಾದಲ್ಲಿ ಎರಡು ಕೀಬೋರ್ಡು. ಪ್ರಾಯದ ಹುಡುಗಿ ಎದೆಬಿರಿದು ಹಾಡುವಾಗ ಅವಳ ಹಿಂದೆ ನಿಲ್ಲಬೇಕಾದ ನಾದದ ಗೋಡೆ ಇಲ್ಲ, ತಗಡಿನ ಹಾಳೆ ಇದೆ. ನಮ್ಮ ಪತ್ರಲೇಖಕರ ಅಳಿಯನಿಗೆ ಏನೋ ತೆಳುವಾಯಿತು ಅನಿಸಿದ್ದರೆ ನನ್ನ ಊಹೆ ಇದೇ ಕಾರಣ. ಜನ ನಟರನ್ನು ದೂರುತ್ತಾರೆ, ತಪ್ಪು ಹಳ್ಳದಲ್ಲಿರುತ್ತದೆ. ಸಂಘದ ಟೂರುಗಳು ಈ ದೋಷದಿಂದ ಪೂರಾ ಮುಕ್ತವೇನೂ ಅಲ್ಲ. ಅಲ್ಲಿಯೂ ಮುಖ್ಯ ವಾದ್ಯಗಾರರು ಕೆಲವರಷ್ಟೇ ಜೊತೆಗೆ ಬರುತ್ತಾರೆ. ಉಳಿದವರನ್ನು ಆಯಾ ಊರಿನಲ್ಲೇ ಕರೆದುಕೊಳ್ಳುತ್ತಾರೆ.

ರಂಗಸಜ್ಜಿಕೆಯ ವಿಷಯ ಬೇಗ ಹೇಳಿಬಿಡಬಹುದು. ದೊಡ್ಡ ಟೂರು ಹತ್ತಾರು ಲಾರಿಗಳಲ್ಲಿ ಬರುತ್ತದೆ, ಒಂದೇ ಊರಿನಲ್ಲಿ ವಾರಗಟ್ಟಲೆ ನಿಲ್ಲುತ್ತದೆ. ಚಿಕ್ಕ ಟೂರು ಕೆಲವೇ ಲಾರಿಗಳಲ್ಲಿ ಬಂದು ಬೆಳಿಗ್ಗೆ ಇಳಿಸಿ, ಸಂಜೆ ಆಡಿ, ನಡುರಾತ್ರಿ ಕಟ್ಟಿಕೊಂಡು ಹೊರಡಬೇಕು. ಬೆಳಿಗ್ಗೆ ಇಳಿಸಿ ರಾತ್ರಿ ಏರಿಸುವಂಥ ಸಜ್ಜಿಕೆ ಎಷ್ಟು ಭಾರ ಇರಲು ಸಾಧ್ಯ? ಗುಬ್ಬಿ ವೀರಣ್ಣನವರು ಕುರುಕ್ಷೇತ್ರ ನಾಟಕದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು ಎಂದು ನಮ್ಮ ಹಿರಿಯರು ಹೇಳುತ್ತಾರಲ್ಲ, ಅದು ತಿಂಗಳುಗಟ್ಟಲೆ ಕ್ಯಾಂಪು ಹಾಕಿದ್ದರಿಂದ ಆದದ್ದು. ಒಂದು ರಾತ್ರಿಯ ಆಟಕ್ಕೆ ಆನೆ ಬಾರದು.

ಒಂದು ರಾತ್ರಿಯ ಆಟದಲ್ಲಿ ಕೆಡುವುದು ಮುಖ್ಯವಾಗಿ ಧ್ವನಿ. ಬ್ರಾಡ್‌ವೇಯ ಅತಿ ದೊಡ್ಡ ಮಂದಿರದಲ್ಲಿಯೂ ಎರಡು ಸಾವಿರ ಆಸನ ಇಲ್ಲ. ಊರುಗಳ ಸಭಾಂಗಣಗಳು ಅದಕ್ಕಿಂತ ಎಷ್ಟೋ ದೊಡ್ಡವು. ಅಟ್ಲಾಂಟಾದ ಫಾಕ್ಸ್ ಥಿಯೇಟರಿನಲ್ಲಿ ನಾಲ್ಕು ಸಾವಿರದ ಆರುನೂರಕ್ಕೂ ಹೆಚ್ಚು ಆಸನಗಳಿವೆ. ಪ್ರತಿ ಕಟ್ಟಡದ ಗೋಡೆಯೂ ಬೇರೆ ಥರ ಮಾರ್ದನಿ ಕೊಡುತ್ತದೆ. ಆ ಗೋಡೆಗೆ ತಕ್ಕಂತೆ ಮೈಕು ಹೊಂದಿಸಲು ಒಂದೆರಡು ದಿನ ಬೇಕು. ಚಿಕ್ಕ ಟೂರಿಗೆ ಸಿಗುವುದು ಒಂದೆರಡು ಗಂಟೆ. ಹಾಗಾಗಿ ಹಾಡಿನ ಮಾತು ಮೇಲಿನ ಬಾಲ್ಕನಿಗೆ ಮುಟ್ಟುವಷ್ಟರಲ್ಲಿ ಕಲಸಿಹೋಗಿರುತ್ತದೆ. ಒಂದೇ ಊರಿನಲ್ಲಿ ಮೊದಲ ರಾತ್ರಿಯ ಆಟಕ್ಕೂ ಮೂರನೆಯ ರಾತ್ರಿಯ ಆಟಕ್ಕೂ ವ್ಯತ್ಯಾಸ ಬರುವುದು ಇದರಿಂದ.

ಇನ್ನು ಕಾಣದೆ ಇರುವ ಒಂದು ಸಂಗತಿ. ದೊಡ್ಡ ಟೂರಿನಲ್ಲಿ ಸ್ವಿಂಗ್ ಎಂಬ ನಟರು ಇರುತ್ತಾರೆ. ಎಂಟು ಹತ್ತು ಜನರ ಜಾಗ, ಹೆಜ್ಜೆ, ಸ್ವರ ಎಲ್ಲ ಕಲಿತು ತೆರೆಮರೆಯಲ್ಲಿ ಕಾದು ಕೂತಿರುವವರು. ಯಾರಿಗೆ ಜ್ವರ ಬಂದರೂ ಆ ಜಾಗಕ್ಕೆ ಇವರು. ಹಣ ಉಳಿಸುವ ನಿರ್ಮಾಪಕ ಮೊದಲು ಕತ್ತರಿ ಹಾಕುವುದು ಇಂಥವರಿಗೆ, ಏಕೆಂದರೆ ಪ್ರೇಕ್ಷಕನಿಗೆ ಇವರು ಕಾಣುವುದೇ ಇಲ್ಲ. ಬದಲಿ ಇಲ್ಲದ ತಂಡದಲ್ಲಿ ಕಾಲು ಉಳುಕಿದವಳು ಉಳುಕಿದ ಕಾಲಿನಲ್ಲೇ ಕುಣಿಯುತ್ತಾಳೆ. ಗಂಟಲು ಕಟ್ಟಿದವನು ಕಟ್ಟಿದ ಗಂಟಲಿನಲ್ಲೇ ಹಾಡುತ್ತಾನೆ. ಮುನ್ನೂರು ಮೈಲಿ ಬಸ್ಸಿನಲ್ಲಿ ಕೂತು ಬಂದು, ಮೈ ಬಿಸಿಯಾಗುವ ಮೊದಲೇ ರಂಗಕ್ಕೆ ಏರಬೇಕು. ಆರು ತಿಂಗಳು ಹೀಗೆ ನಡೆದರೆ ಇಪ್ಪತ್ತೈದರ ಮೈ ತಡೆಯುತ್ತದೆ, ಆದರೆ ಲೆಕ್ಕ ಬರೆದಿಟ್ಟುಕೊಳ್ಳುತ್ತದೆ. ಆ ರಾತ್ರಿ ನೂರು ಡಾಲರು ಕೊಟ್ಟು ಕೂತವನಿಗೆ ಆಟ ಸೊಗಸಾಗಿಯೇ ಕಾಣಬಹುದು. ಸಂಘದ ನಿಯಮ ಕಾಯುವುದು ಆಟಕ್ಕಿಂತ ಮೊದಲು ಆ ಮೊಣಕಾಲನ್ನು. ಎರಡನ್ನೂ ಒಂದೇ ಎಂದುಕೊಂಡಿದ್ದರಿಂದಲೇ ಈ ವಿಷಯದಲ್ಲಿ ಇಷ್ಟು ಗೊಂದಲ.

ಈಗ ಒಂದು ನಡೆದ ಪ್ರಕರಣ ಹೇಳುತ್ತೇನೆ. ದಿ ಮ್ಯೂಸಿಕ್ ಮ್ಯಾನ್ ಎಂಬ ನಾಟಕ ಮೆರೆಡಿತ್ ವಿಲ್ಸನ್ ಬರೆದದ್ದು, 1957ರಲ್ಲಿ ಬ್ರಾಡ್‌ವೇಗೆ ಬಂದದ್ದು. ಕಥೆ ಹೀಗೆ. ಹೆರಾಲ್ಡ್ ಹಿಲ್ ಎಂಬ ಸಂಚಾರಿ ವ್ಯಾಪಾರಿ ಅಯೋವಾ ರಾಜ್ಯದ ಒಂದು ಸಣ್ಣ ಊರಿಗೆ ಬಂದು, ನಿಮ್ಮ ಮಕ್ಕಳದೊಂದು ಬ್ಯಾಂಡ್ ತಂಡ ಕಟ್ಟಿಕೊಡುತ್ತೇನೆ ಎಂದು ನಂಬಿಸಿ ವಾದ್ಯಗಳನ್ನೂ ಸಮವಸ್ತ್ರಗಳನ್ನೂ ಮಾರುತ್ತಾನೆ. ಅವನಿಗೆ ಸಂಗೀತದ ಗಂಧಗಾಳಿ ಇಲ್ಲ. ದುಡ್ಡು ಕೈಗೆ ಬಂದ ಕೂಡಲೇ ಓಡಿಹೋಗುವುದು ಅವನ ಎಣಿಕೆ. 2000ದ ಏಪ್ರಿಲಿನಲ್ಲಿ ಸೂಸನ್ ಸ್ಟ್ರೋಮನ್ ನಿರ್ದೇಶನದಲ್ಲಿ ಇದು ಮತ್ತೆ ಬ್ರಾಡ್‌ವೇಗೆ ಬಂತು, 2001ರ ಡಿಸೆಂಬರ್ ಕೊನೆಯವರೆಗೆ ನಡೆಯಿತು.

ಅಲ್ಲಿಯವರೆಗೆ ಒಂದು ರೂಢಿ ಇತ್ತು. ನಾಟಕವು ಬ್ರಾಡ್‌ವೇಯಿಂದ ಹೊರಟಾಗ ಮೊದಲ ಪ್ರವಾಸ ಸಂಘದ ನಟರದ್ದು, ದೊಡ್ಡ ನಗರಗಳಿಗೆ. ಆ ರಸವೆಲ್ಲ ಹಿಂಡಿದ ಮೇಲೆ ಚಿಕ್ಕ ಊರುಗಳಿಗೆ ಸಂಘವಿಲ್ಲದ ಟೂರು. ಕ್ಯಾಟ್ಸ್ ಎಂಬ ಹೆಸರಾಂತ ನಾಟಕದ ದಾರಿಯೂ ಅದೇ. ಅದರ ಸಂಘದ ಪ್ರವಾಸಗಳು ಮುಗಿದ ಮೇಲೆ, 2000ದ ದಶಕದಲ್ಲಿ ಸಂಘವಿಲ್ಲದ ತಂಡ ಅದನ್ನು ಊರೂರಿಗೆ ಒಯ್ದಿತು. ಮ್ಯೂಸಿಕ್ ಮ್ಯಾನ್ ವಿಷಯದಲ್ಲಿ ಈ ರೂಢಿ ಮುರಿಯಿತು. ಬ್ರಾಡ್‌ವೇಯಲ್ಲಿ ಆಟ ಇನ್ನೂ ನಡೆಯುತ್ತಿರುವಾಗಲೇ, 2001ರಲ್ಲಿ, ಅದರ ರಾಷ್ಟ್ರೀಯ ಪ್ರವಾಸವನ್ನೇ ಸಂಘವಿಲ್ಲದ ನಟರಿಂದ ಹೊರಡಿಸಿದರು. ಈಕ್ವಿಟಿಯವರು ಸುಮ್ಮನಿರಲಿಲ್ಲ. ನಾಟಕ ಹೋದ ಊರುಗಳಲ್ಲಿ ಸಭಾಂಗಣದ ಮುಂದೆ ನಿಂತು ಕರಪತ್ರ ಹಂಚಿದರು. ನೀವು ಕೊಟ್ಟದ್ದು ಬ್ರಾಡ್‌ವೇ ಬೆಲೆ, ಒಳಗಿರುವವರಿಗೆ ಸಿಗುವುದು ಬ್ರಾಡ್‌ವೇ ಸಂಬಳವಲ್ಲ ಎಂಬುದು ಅವರ ವಾದದ ಸಾರ. ಇಲ್ಲದ ಬ್ಯಾಂಡನ್ನು ಮಾರುವವನ ಕಥೆಯುಳ್ಳ ನಾಟಕದ ಮೇಲೆಯೇ ಈ ವಾದ ಎದ್ದದ್ದು ಕಾಕತಾಳೀಯವಷ್ಟೇ, ಆದರೂ ನಗು ಬರುತ್ತದೆ. ಪಾಪ, ಒಳಗೆ ಆಡುತ್ತಿದ್ದ ಹುಡುಗರ ಪಾಡು ಯೋಚಿಸಿ. ಜೀವನದ ಮೊದಲ ದೊಡ್ಡ ಅವಕಾಶ; ಬಾಗಿಲಲ್ಲಿ ಮುಂದೊಂದು ದಿನ ತಾವೇ ಸೇರಬೇಕೆಂದಿರುವ ಸಂಘದವರ ಕರಪತ್ರ.

ಆ ಜಗಳದಿಂದ ಬಂದ ಫಲ ಸ್ವಲ್ಪ ತಿರುಚಿಕೊಂಡದ್ದು. ಸಂಘವಿಲ್ಲದ ಟೂರುಗಳು ಹೆಚ್ಚಿದಷ್ಟೂ ಸಂಘದ ನಟರಿಗೆ ರೋಡಿನ ಕೆಲಸ ಕಡಿಮೆಯಾಯಿತು. 2004ರಲ್ಲಿ ಮುಷ್ಕರದ ಅಂಚಿಗೆ ಹೋಗಿ, ಕೊನೆಗೆ ಈಕ್ವಿಟಿಯೇ ಪ್ರವಾಸಕ್ಕೆಂದು ಕಡಿಮೆ ಸಂಬಳದ ಪ್ರಾಯೋಗಿಕ ಕರಾರಿಗೆ ಒಪ್ಪಿತು. ನಾಟಕ ಗೆದ್ದರೆ ಲಾಭದಲ್ಲಿ ನಟರಿಗೂ ಪಾಲು ಎಂಬ ಷರತ್ತಿನ ಮೇಲೆ. ಆಮೇಲೆ ಚಿಕ್ಕ ಊರು, ಕಡಿಮೆ ದಿನದ ಪ್ರವಾಸಗಳಿಗೆ ಇನ್ನೊಂದು ಅಗ್ಗದ ಕರಾರು ಬಂತು. ಅಂದರೆ ಈಗ ಸಂಘದ ಟೂರು ಎಂಬ ಮಾತಿಗೂ ಒಂದೇ ಅರ್ಥ ಉಳಿದಿಲ್ಲ. ಸಂಘದ ಮುದ್ರೆ ಇದ್ದೂ ಸಜ್ಜಿಕೆ ಬಡವಾಗಿರಬಹುದು, ವಾದ್ಯ ತೆಳುವಾಗಿರಬಹುದು. ಅತ್ತ, ಸಂಘವಿಲ್ಲದ ಟೂರಿಗೂ ಮೂಲ ನಿರ್ದೇಶಕರ ತಂಡದವರೇ ಬಂದು ತಾಲೀಮು ಕೊಟ್ಟು, ಲಾರಿಗೆ ತಕ್ಕಂತೆ ಸಜ್ಜಿಕೆಯನ್ನು ಜಾಣತನದಿಂದ ಮರುರೂಪಿಸಿ, ಕೆಲವು ಸಲ ಮೊದಲಿಗಿಂತ ಚುರುಕಾದ ಆಟ ಹುಟ್ಟುವುದೂ ಉಂಟು. 2015ರಲ್ಲಿ ಈಕ್ವಿಟಿ, 'ಇದು ಈಕ್ವಿಟಿಯದೇ ಎಂದು ಕೇಳಿ' ಎಂಬ ಅರ್ಥದ ಪ್ರಚಾರ ಹೂಡಿ ಪ್ರೇಕ್ಷಕರನ್ನೇ ತನ್ನ ಕಡೆ ಎಳೆಯಲು ನೋಡಿತು. 2023ರಲ್ಲಿ ನಿರ್ಮಾಪಕರ ಒಕ್ಕೂಟದ ಜೊತೆ ಪ್ರವಾಸದ ಹೊಸ ಕರಾರು ಆಯಿತು. ಅದರಲ್ಲಿ ಸಂಬಳ, ದಿನಭತ್ಯೆ ಎರಡೂ ಏರಿದವು.

ಸಂಘವನ್ನು ಇಷ್ಟು ಹೊಗಳಿದ ಮೇಲೆ ಅದರ ಬಾಗಿಲಿನ ಬಗ್ಗೆಯೂ ಹೇಳಬೇಕು. ಬಹುಕಾಲ ಆ ಬಾಗಿಲು ಕಿರಿದಾಗಿತ್ತು. ಸಂಘದ ಕರಾರು ಸಿಕ್ಕರೆ ಕಾರ್ಡು, ಕಾರ್ಡು ಇದ್ದರೆ ಕರಾರಿನ ಆಯ್ಕೆಯಲ್ಲಿ ಮುಂದಿನ ಸಾಲು. ಬೀಜ ಮೊದಲೋ ಮರ ಮೊದಲೋ ಎಂಬ ಹಾಗೆ. ಇದರಿಂದ ಹೊರಗುಳಿದವರೇ ಹೆಚ್ಚಾಗಿ ಸಂಘವಿಲ್ಲದ ಟೂರುಗಳಲ್ಲಿ ವರ್ಷಗಟ್ಟಲೆ ಸುತ್ತಿದವರು. ಹೊರಗುಳಿಯುವವರಲ್ಲಿ ಕರಿಯರೂ ಇತರ ಅಲ್ಪಸಂಖ್ಯಾತರೂ ಹೆಚ್ಚು ಎಂಬ ಟೀಕೆಯೂ ಬಂತು. 2021ರಲ್ಲಿ ಈಕ್ವಿಟಿ ನಿಯಮ ಸಡಿಲಿಸಿ, ಸಂಬಳ ಪಡೆದು ರಂಗದ ಕೆಲಸ ಮಾಡಿದ್ದೇನೆ ಎಂದು ತೋರಿಸಿದವರಿಗೆ ಬಾಗಿಲು ತೆರೆಯಿತು. ಒಳಗೆ ಹೋದವರಿಗೆಲ್ಲ ಕೆಲಸ ಕಾದಿದೆ ಎಂದಲ್ಲ. ಯಾವ ವಾರ ತೆಗೆದುಕೊಂಡರೂ ಸಂಘದ ಬಹುಪಾಲು ಸದಸ್ಯರಿಗೆ ರಂಗದ ಕೆಲಸ ಇರುವುದಿಲ್ಲ. ಕಾರ್ಡು ಪಡೆದ ಮೇಲೆ ಸಂಘವಿಲ್ಲದ ಬಸ್ಸೂ ಹತ್ತುವಂತಿಲ್ಲ. ಹೀಗಾಗಿ ಕಾರ್ಡು ಸಿಕ್ಕರೂ ಬೇಡ, ಇನ್ನೆರಡು ವರ್ಷ ಬಸ್ಸಿನಲ್ಲೇ ಇದ್ದು ಕೈ ಪಳಗಿಸಿಕೊಳ್ಳುತ್ತೇನೆ ಎಂದು ಲೆಕ್ಕ ಹಾಕುವ ಜಾಣರೂ ಇದ್ದಾರೆ.

ಹಾಗಾದರೆ ಟಿಕೇಟು ಕೊಳ್ಳುವವರು ಏನು ನೋಡಬೇಕು? ಯಕ್ಷಗಾನಕ್ಕೆ ಹೊರಡುವ ಮೊದಲು ನಮ್ಮ ಕಾಸರಗೋಡಿನವರು ಕೇಳುವುದು ಎರಡೇ ಮಾತು: ಯಾವ ಮೇಳ, ಭಾಗವತರು ಯಾರು? ಡೇರೆ ಮೇಳವೋ ಬಯಲಾಟದ ಮೇಳವೋ ಎಂಬುದು ಆಮೇಲಿನ ಮಾತು. ಅದೇ ಬುದ್ಧಿ ಇಲ್ಲಿಯೂ ಸಾಕು. ಅಲ್ಲಿನ ನಾಟಕಗಳಲ್ಲಿ ಕೈಗೆ ಒಂದು ಪುಸ್ತಿಕೆ ಕೊಡುತ್ತಾರೆ. ನಟರು, ರಂಗನಿರ್ವಾಹಕರು ಈಕ್ವಿಟಿಯ ಸದಸ್ಯರಾಗಿದ್ದರೆ ಅದರಲ್ಲಿ ಸಂಘದ ಹೆಸರು, ಗುರುತು ಅಚ್ಚಾಗಿರುತ್ತದೆ. ವಾದ್ಯಗಾರರ ಹೆಸರುಗಳೂ ಇರುತ್ತವೆ. ಬೆರಳು ಮಡಿಸಿ ಎಣಿಸಿಕೊಳ್ಳಬಹುದು. ನಿರ್ದೇಶನ, ನೃತ್ಯ ಸಂಯೋಜನೆ ಬ್ರಾಡ್‌ವೇಯಲ್ಲಿ ಮಾಡಿದವರದ್ದೇ, ಬೇರೆಯವರದ್ದೇ ಎಂಬುದೂ ಅಲ್ಲೇ ಇದೆ. ಎಷ್ಟು ದಿನದ ಬಿಡಾರ ಎಂಬುದು ಜಾಹೀರಾತಿನಲ್ಲೇ ಗೊತ್ತಾಗುತ್ತದೆ. ಎರಡೇ ರಾತ್ರಿ ಇದ್ದರೆ ಎರಡನೆಯ ರಾತ್ರಿಗೆ ಹೋಗುವುದು ಮೇಲು, ಬಾಲ್ಕನಿ ಬಿಟ್ಟು ಕೆಳಗೆ ಕೂರುವುದು ಇನ್ನೂ ಮೇಲು. ಸಭಾಂಗಣಕ್ಕೆ ಫೋನು ಮಾಡಿ ಇದು ಯಾವ ಟೂರು ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಕೇಳಿದರೆ ಹೇಳಬೇಕಾದದ್ದು ಅವರ ಕೆಲಸ.

ತಾಳವಾಡಿಯ ನಮ್ಮ ಹಿರಿಯರಿಗೆ ಇಷ್ಟು ಹೇಳಬಹುದು. ಆ ಸಂಜೆ ನಿಮಗೆ ಹಿಡಿಸಿದ ಹಾಡು, ಕುಣಿತ ನಿಜವಾದದ್ದೇ. ಅದನ್ನು ಆಡಿದ ಹುಡುಗರು ಸುಳ್ಳು ಆಟ ಆಡಲಿಲ್ಲ. ನಿಮ್ಮ ಅಳಿಯ ಹೇಳಿದ್ದೂ ಪೂರಾ ತಪ್ಪಲ್ಲ; ಆದರೆ ಅವರು ದೂರಬೇಕಾಗಿದ್ದು ಟಿಕೇಟಿನ ಬೆಲೆಯನ್ನು, ರಂಗದ ಮೇಲಿದ್ದವರನ್ನಲ್ಲ. ಮುಂದಿನ ಸಲ ಮೊಮ್ಮಗನ ಹುಟ್ಟುಹಬ್ಬಕ್ಕೆ ಹೋದಾಗ ಆ ಪುಸ್ತಿಕೆಯನ್ನು ಬಿಸಾಡದೆ ಊರಿಗೆ ತನ್ನಿ. ವಾದ್ಯಗಾರರು ಎಷ್ಟು ಮಂದಿ ಇದ್ದರೆಂದು ನಮಗೂ ಒಂದು ಕಾಗದ ಬರೆಯಿರಿ.